ಎಡೆಯ ಮಾತ್ರೆ

ವೈದ್ಯನಾಥಪುರದ ಜವರಯ್ಯನ ಮನೆಯಲ್ಲಿ ಸತ್ತ ಮುದುಕಿ ಮತ್ತೆ ಕೆಮ್ಮತೊಡಗಿದ್ದು ದೀಪಾವಳಿ ಕಳೆದ ಮೇಲೆ. ಕೆಮ್ಮಿದ್ದು ಅವಳ ಸೊಸೆ ದೇವೀರಮ್ಮನ ಬಾಯಿಂದ.

ಮೊದಮೊದಲು ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಕಬ್ಬಿನ ತರಗಿಗೆ ಬೆಂಕಿ ಇಡುವ ಕಾಲ, ಊರಿನ ಮೇಲೆಲ್ಲ ಹೊಗೆ. ಕೆಮ್ಮದವರೇ ಇರಲಿಲ್ಲ. ಆದರೆ ಬೇರೆಯವರ ಕೆಮ್ಮಿನಲ್ಲಿ ಕಫ ಇತ್ತು, ನೆಗಡಿ ಇತ್ತು. ದೇವೀರಮ್ಮನಿಗೆ ಅದೊಂದೂ ಇಲ್ಲ. ಗಂಟಲೊಳಗೆ ಯಾರೋ ಕೋಳಿಪುಕ್ಕ ಆಡಿಸಿದ ಹಾಗೆ ಬರೀ ಕೆರೆತ. ತಡೆಯಲು ಹೋದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಬಿಟ್ಟರೆ ಪಕ್ಕೆ ನೋಯುವವರೆಗೂ ಎಳೆಯುತ್ತಿತ್ತು. ಮಲಗಿದರೆ ಇನ್ನೂ ಜಾಸ್ತಿ. ಶುಂಠಿ, ಮೆಣಸು, ದೊಡ್ಡಪತ್ರೆ ರಸ, ಅಂಗಡಿಯ ಸಿರಪ್ಪು, ಯಾವುದಕ್ಕೂ ಅದು ಜಗ್ಗಲಿಲ್ಲ.

ಅದನ್ನು ಗುರುತು ಹಿಡಿದವಳು ಜವರಯ್ಯನ ಅಕ್ಕ ಚಿಕ್ಕತಾಯಮ್ಮ. ಬೆಳಕವಾಡಿಯಿಂದ ತಮ್ಮನನ್ನು ನೋಡಿಕೊಂಡು ಹೋಗಲು ಬಂದವಳು ಮಧ್ಯಾಹ್ನ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಒಳಗೆ ಒಲೆಯ ಮುಂದಿದ್ದ ದೇವೀರಮ್ಮ ಕೆಮ್ಮಿದಳು. ಸಣ್ಣ ಕೆಮ್ಮು ಒಂದರ ಹಿಂದೊಂದು, ಆಮೇಲೆ ಉಸಿರು ಎಳೆದುಕೊಂಡು ಉದ್ದನೆಯ ಒಂದು ಕೆಮ್ಮು, ಕೊನೆಗೆ ಗಂಟಲು ಕೆರೆದು ಮುಗಿಸುವ ಸದ್ದು. ಚಿಕ್ಕತಾಯಮ್ಮನ ಕೈ ನಿಂತಿತು. ಅವಳು ಅಡುಗೆಮನೆಯ ಕಡೆ ತಿರುಗಿ 'ಅವ್ವಾ' ಎಂದು ಕರೆದುಬಿಟ್ಟಳು. ಕರೆದ ಮೇಲೆ ಅವಳಿಗೇ ಗಾಬರಿಯಾಯಿತು.

“ನಿಂಗೆ ಎಲ್ಲಿಂದ ಬಂತಮ್ಮಿ ಈ ಕೆಮ್ಲು?” ಎಂದು ಕೇಳಿದಳು.

“ವಗೆಗೆ ಬಂದದೆ ಕಣತ್ಗೆ.”

“ವಗೆಗೆ ಬಂದಿದ್ರೆ ನಿನ್ ಕೆಮ್ಲು ಬರ್ಬೇಕಾಗಿತ್ತು. ಇದು ನಮ್ಮವ್ವುಂದು.”

ಬಾಗಿಲಲ್ಲಿ ಮೆಟ್ಟು ಬಿಡುತ್ತಿದ್ದ ಜವರಯ್ಯ ಆ ಮಾತು ಕೇಳಿಸಿಕೊಂಡ. ಆ ದಿನದಿಂದ ಅವನು ಹೆಂಡತಿ ಕೆಮ್ಮಿದಾಗೆಲ್ಲ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಕಿವಿ ಕೊಡತೊಡಗಿದ.

ಅವನ ತಾಯಿ ಮಲ್ಲಿಗಮ್ಮ ಸತ್ತಿದ್ದು ಹಿಂದಿನ ಯುಗಾದಿ ಮುಗಿದ ವಾರದಲ್ಲಿ. ಬೀಪಿ ಇತ್ತು, ಅದಕ್ಕೆ ದಿನಾ ಒಂದು ಮಾತ್ರೆ ನುಂಗುತ್ತಿದ್ದಳು. ಮಾತ್ರೆ ಶುರುವಾದ ಕೆಲವು ತಿಂಗಳಿಗೆ ಕೆಮ್ಮೂ ಶುರುವಾಯಿತು. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಯಾರಿಗೂ ಬರಲಿಲ್ಲ. ವಯಸ್ಸಾಯಿತು ಅಂದರು, ಹೊಗೆಸೊಪ್ಪಿನ ಕಡ್ಡಿಪುಡಿ ಹಾಕುವವರ ಗಂಟಲು ಇನ್ನು ಹೇಗಿರುತ್ತದೆ ಅಂದರು. ದೇವೀರಮ್ಮನ ದೂರು ಬೇರೆ ಇತ್ತು. ತಾನು ಗಂಡನ ಹತ್ತಿರ ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ಮುದುಕಿ ಹೊಂಚಿಕೊಂಡಿದ್ದವಳ ಹಾಗೆ ಕೆಮ್ಮುತ್ತಾಳೆ ಎಂದು ಬೀದಿಯ ನಲ್ಲಿಯ ಹತ್ತಿರವೆಲ್ಲ ಹೇಳಿಕೊಂಡು ಬಂದಿದ್ದಳು. ಅತ್ತೆ ಸೊಸೆ ಇಬ್ಬರೂ ಬಾಯಿಗೆ ಬೀಗ ಹಾಕಿದವರಲ್ಲ.

ಸತ್ತ ದಿನ ಬೆಳಿಗ್ಗೆ ಮಲ್ಲಿಗಮ್ಮ ಮಗನನ್ನು ಕರೆದು, ಎದೆಯೆಲ್ಲ ಹಿಡಿದುಕೊಂಡ ಹಾಗೆ ಆಗುತ್ತದೆ, ಮದ್ದೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಕೇಳಿದ್ದಳು. ಜವರಯ್ಯ ಬೆಳಕವಾಡಿಗೆ, ಅಕ್ಕನ ಮನೆಯ ಬೀಗರೂಟಕ್ಕೆ ಹೊರಟು ಕನ್ನಡಿಯ ಮುಂದೆ ನಿಂತಿದ್ದ. “ಸಾಯೋ ವಯಸ್ನಲ್ಲಿ ಕೆಮ್ದೆ ಇನ್ನೇನ್ ಮಾಡೀಯೆ, ಸುಮ್ಕೆ ಬಿದ್ದಿರು” ಎಂದು ಹೇಳಿ ಬೈಕು ಹತ್ತಿ ಹೋದ. ಅವನು ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದಾಗ ಫೋನು ಬಂತು. ಮನೆಗೆ ಬಂದು ತಾಯಿಯ ಕಾಲು ಹಿಡಿದಾಗ ಅವನ ಕೈಯಲ್ಲಿ ಇನ್ನೂ ಬಾಡಿನ ಸಾರಿನ ವಾಸನೆ ಇತ್ತು.

ಅವನಿಗೆ ತಿಳಿಯಬೇಕಾಗಿದ್ದುದು ಒಂದೇ ಸಂಗತಿ. ಅವ್ವ ತನ್ನ ಮೇಲೆ ಸಿಟ್ಟಿಟ್ಟುಕೊಂಡು ಹೋದಳೋ ಇಲ್ಲವೋ. ಕೊನೆಗಳಿಗೆಯಲ್ಲಿ ಹತ್ತಿರ ಇದ್ದವಳು ಹೆಂಡತಿ ಒಬ್ಬಳೇ, ಆದರೆ ಅವಳನ್ನು ಅವನು ಕೇಳಲಿಲ್ಲ. ಅತ್ತೆಯನ್ನು ಕಂಡರೆ ಉರಿದು ಬೀಳುತ್ತಿದ್ದವಳು ಹೇಳುವ ಕೊನೆ ಮಾತನ್ನು ನಂಬುವುದು ಹೇಗೆ? ದೇವೀರಮ್ಮನೂ ತಾನಾಗಿ ಹೇಳಲಿಲ್ಲ. ಕೇಳದವನಿಗೆ ಹೇಳಲು ತನಗೇನು ಗ್ರಹಚಾರ ಎಂದು ಬಿಗಿದುಕೊಂಡೇ ಇದ್ದಳು.

ಪಿತೃಪಕ್ಷದಲ್ಲಿ ಮಲ್ಲಿಗಮ್ಮನಿಗೆ ಮೊದಲ ಎಡೆ ಇಟ್ಟರು. ಮುದ್ದೆ, ನಾಟಿಕೋಳಿ ಸಾರು, ಹೊಸ ಸೀರೆ, ಎಲೆ ಅಡಿಕೆ, ಕಡ್ಡಿಪುಡಿ. ಜವರಯ್ಯ ಎಲ್ಲ ಇಟ್ಟಾದ ಮೇಲೆ ಗೂಡಿನಿಂದ ತಾಯಿಯ ಉಳಿದ ಮಾತ್ರೆಗಳನ್ನೂ ತಂದು ಎಲೆಯ ಪಕ್ಕಕ್ಕಿಟ್ಟ. ಉಂಡು ಕೈ ತೊಳೆಯುತ್ತಲೇ ಮಾತ್ರೆ ಹುಡುಕುತ್ತಿದ್ದವಳು, ಅಲ್ಲಿ ಯಾರನ್ನು ಕೇಳುತ್ತಾಳೆ ಅಂದ. ಹಿರೀಕರು ಬಂದು ಉಂಡು ಹೋಗಲಿ ಎಂದು ಬಾಗಿಲು ಮುಂದಕ್ಕೆ ಎಳೆದು ಎಲ್ಲರೂ ಹೊರಗೆ ಕೂತರು. ಆಮೇಲೆ ಬಾಗಿಲು ತೆಗೆದು ಎಡೆಗಿಟ್ಟಿದ್ದನ್ನು ಹಂಚಿಕೊಂಡರು. ಎಡೆಯ ಪದಾರ್ಥ ಬಿಸಾಡುವಂತಿಲ್ಲ, ಮನೆಯವರೇ ಮುಗಿಸಬೇಕು. ಸೀರೆ ಸೊಸೆಗೆ ಬಂತು. ಅದರ ಜೊತೆಗೆ ಮಾತ್ರೆಗಳೂ ಸೊಸೆಗೇ ಬಂದವು, ಏಕೆಂದರೆ ಅದೇ ತಿಂಗಳು ಆಶಾ ಕಾರ್ಯಕರ್ತೆ ದೇವೀರಮ್ಮನ ತೋಳಿಗೆ ಪಟ್ಟಿ ಕಟ್ಟಿ ನೋಡಿ, ಬೀಪಿ ಬಹಳ ಇದೆ, ಆಸ್ಪತ್ರೆಗೆ ಹೋಗಿ ತೋರಿಸಿಕೋ ಎಂದು ಹೇಳಿ ಹೋಗಿದ್ದಳು. ಮನೆಯಲ್ಲೇ ಬೀಪಿ ಮಾತ್ರೆ ಇರುವಾಗ ಬಸ್ಸು ಹತ್ತುವುದು ಯಾವ ಬುದ್ಧಿವಂತಿಕೆ? ದೇವೀರಮ್ಮ ದಿನಾ ಒಂದು ನುಂಗಿದಳು. ತಲೆನೋವು ಇಳಿಯಿತು. ಮುಗಿದ ಮೇಲೆ ಮಾತ್ರೆಯ ಖಾಲಿ ಹಾಳೆಯನ್ನು ಮೆಡಿಕಲ್ ಅಂಗಡಿಯಲ್ಲಿ ತೋರಿಸಿ ಅಂಥದ್ದೇ ಇನ್ನಷ್ಟು ತಂದಳು. ಅಂಗಡಿಯವನು ಯಾರಿಗೆ, ಯಾತಕ್ಕೆ ಎಂದು ಕೇಳಲಿಲ್ಲ.

ಹೀಗೆ ಸತ್ತವಳ ಸೀರೆ, ಸತ್ತವಳ ಮಾತ್ರೆ. ಈಗ ಸತ್ತವಳ ಕೆಮ್ಮು.

ಒಂದು ಬೆಳಿಗ್ಗೆ ದೇವೀರಮ್ಮ ಹಟ್ಟಿ ಬಾಗಿಲಲ್ಲಿ ಕೂತು ಅಕ್ಕಿ ಕೇರುತ್ತಿದ್ದಾಗ ಕೆಮ್ಮು ಬಂತು. ಜವರಯ್ಯ ಹಸುವಿನ ಮೈ ತೊಳೆಯುತ್ತಿದ್ದವನು ಕೈ ಒರೆಸಿಕೊಂಡು ಬಂದು ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ದೇವಸ್ಥಾನದಲ್ಲಿ ಹೂ ಕೇಳುವವರ ಹಾಗೆ ಎರಡೂ ಕೈ ಜೋಡಿಸಿದ್ದ. ಬಲಗಡೆ ಹೂ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ. ಅವನಿಗೆ ಗೊತ್ತಿದ್ದ ದಾರಿ ಅದೊಂದೇ.

“ಅವ್ವ, ನನ್ ಮ್ಯಾಲೆ ಕ್ವಾಪವಾ? ಇದ್ರೆ ಒಂದ್ ಕಿತ ಕೆಮ್ಮು. ಇಲ್ದಿದ್ರೆ ಎಳ್ಡ್ ಕಿತ ಕೆಮ್ಮು.”

ದೇವೀರಮ್ಮ ಮೊರ ಕೆಳಗಿಟ್ಟು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೆಮ್ಮಬಾರದು ಎಂದು ಹಲ್ಲು ಕಚ್ಚಿದಷ್ಟೂ ಗಂಟಲೊಳಗಿನ ಪುಕ್ಕ ಜೋರಾಗಿ ಆಡತೊಡಗಿತು. ಒಂದು ಕೆಮ್ಮು ಹಾರಿತು. ಜವರಯ್ಯನ ಮುಖ ಕಪ್ಪಿಟ್ಟಿತು. ಮತ್ತೊಂದು ಹಾರಿತು. ಅವನ ಮುಖ ಅರಳಿತು. ಆಮೇಲೆ ಮೂರನೆಯದು, ನಾಲ್ಕನೆಯದು, ನಿಲ್ಲದ ಹಾಗೆ. ದೇವರ ಹೂವಾದರೆ ಒಂದು ಸಲ ಬಿದ್ದು ಸುಮ್ಮನಾಗುತ್ತದೆ. ಇದು ಸುಮ್ಮನಾಗುವ ಜಾತಿಯದಲ್ಲ. ಅವನು ಪಾಪದ ಮೂತಿ ಮಾಡಿಕೊಂಡು ಎದ್ದು ಹೋದ. ಮಾರನೆಯ ದಿನ ಮತ್ತೆ ಬಂದು ಕೂತ.

ಕೇಳುವುದು ಅಲ್ಲಿಗೇ ನಿಲ್ಲಲಿಲ್ಲ. ಉಂಡೆಯಾ ಅವ್ವ ಎನ್ನುತ್ತಿದ್ದ, ಚಳಿಯಾಗುತ್ತದಾ ಎನ್ನುತ್ತಿದ್ದ. ಬದುಕಿದ್ದಾಗ ತಾಯಿಯ ಹತ್ತಿರ ಇಷ್ಟು ಮೆತ್ತಗೆ ಮಾತಾಡಿದವನಲ್ಲ. ಹೆಂಡತಿಯ ಹತ್ತಿರವಂತೂ ಮದುವೆಯಾದ ಹೊಸದರಲ್ಲೂ ಆಡಿದವನಲ್ಲ. ದೇವೀರಮ್ಮ ಉತ್ತರ ಕೊಟ್ಟರೆ, ನಿನ್ನನ್ನಲ್ಲ ಕೇಳಿದ್ದು ಎಂದು ಗದರುತ್ತಿದ್ದ. ಚಿಕ್ಕತಾಯಮ್ಮ ಬೆಳಕವಾಡಿಯಿಂದ ಫೋನು ಮಾಡಿ, ಮೈಮೇಲೆ ಬಂದದ್ದನ್ನು ಬಿಡಿಸುವವರು ಒಬ್ಬರು ಮಳವಳ್ಳಿಯ ಕಡೆ ಇದ್ದಾರೆ, ಕರೆದುಕೊಂಡು ಬರುತ್ತೇನೆ ಎಂದಳು. ಜವರಯ್ಯ ಬೇಡ ಅಂದ. ಬಂದವಳನ್ನು ಓಡಿಸುವುದೇಕೆ, ಇರಲಿ ಅಂದ.

ಆ ಮಾತಿಗೆ ದೇವೀರಮ್ಮನಿಗೆ ರೇಗಿಹೋಯಿತು. “ಇರ್ಲಿ ಅನ್ನಕ್ಕೆ ನಾನೇನ್ ನಿಮ್ಮವ್ವಂಗೆ ಬಾಡ್ಗೆ ಮನೇನಾ?” ಎಂದು ಕೇಳಿದಳು. ಕೇಳುತ್ತ ಕೇಳುತ್ತಲೇ ಕೆಮ್ಮು ಬಂದು ಮಾತನ್ನು ಅರ್ಧಕ್ಕೆ ಕತ್ತರಿಸಿತು. ಜವರಯ್ಯ ನಕ್ಕ. ಅವನ ನಗುವನ್ನು ಕಂಡು ಅವಳು ಹೆದರಿದಳು.

ಜಗಳಕ್ಕೆ ಹೆದರದ ಹೆಂಗಸು ಈಗ ತನ್ನ ಗಂಟಲಿಗೆ ಹೆದರಿದಳು. ಕೆಮ್ಮುವಾಗ ಎಡಗೈ ತಾನಾಗಿ ಎದೆಯ ಮೇಲೆ ಹೋಗುತ್ತಿತ್ತು. ಮುದುಕಿಯದೂ ಹಾಗೇ ಹೋಗುತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು ಬಿಂದಿಗೆ ಪಕ್ಕಕ್ಕೆ ಸರಿಸಿ ಅವಳಿಗೆ ದಾರಿ ಬಿಡತೊಡಗಿದರು. ಮಲ್ಲಿಗಮ್ಮ ಏನಂತಾರೆ ಎಂದು ಒಬ್ಬಳು ತಮಾಷೆಗೆ ಕೇಳಿದಳು, ಕೇಳಿದವಳೂ ನಗಲಿಲ್ಲ. ದೇವೀರಮ್ಮ ಎಡೆಯ ಸೀರೆ ಬಿಚ್ಚಿ ಗಂಟು ಕಟ್ಟಿ ಅಟ್ಟಕ್ಕೆ ಎಸೆದಳು. ಸೀರೆ ಹೋದರೂ ಕೆಮ್ಮು ಹೋಗಲಿಲ್ಲ. ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಒಬ್ಬಳೇ ಇದ್ದಾಗ ಕೆಮ್ಮಿ ಮುಗಿಸಿದ ಮೇಲೆ, ಇನ್ನೊಂದು ಕೆಮ್ಮು ತನ್ನ ಬೆನ್ನ ಹಿಂದಿನಿಂದ ಕೇಳಿಸಿತು ಅನ್ನಿಸಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಗಂಡನಿಗೆ ಹೇಳಿದರೆ ಸಂತೋಷಪಡುತ್ತಾನೆ ಎಂದು ಹೇಳಲೂ ಇಲ್ಲ.

ಮಾರನೆಯ ದಿನ, ಹನಕೆರೆಗೆ ಕೊಟ್ಟ ಮಗಳು ದೀಪಿಕಳನ್ನು ನೋಡಿಕೊಂಡು ಬರುತ್ತೇನೆ ಎಂದು ಸುಳ್ಳು ಹೇಳಿ ಮದ್ದೂರಿಗೆ ಹೋಗಿ ಆಸ್ಪತ್ರೆಯ ಸಾಲಿನಲ್ಲಿ ನಿಂತಳು.

ಡಾಕ್ಟರು ನಾಗಶ್ರೀ ಎಂಬ ಹುಡುಗಿ, ಮಳವಳ್ಳಿ ಕಡೆಯವಳು. ಎದೆಗೆ ಕೊಳವೆ ಇಟ್ಟು ನೋಡಿದಳು, ಎದೆಯ ಫೋಟೊ ತೆಗೆಸಿದಳು. ಎಲ್ಲ ಚೊಕ್ಕವಾಗಿತ್ತು. ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಿದಾಗ ದೇವೀರಮ್ಮ ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಹೆಸರು ಓದಿ, ಇದನ್ನು ನಿಮಗೆ ಬರೆದುಕೊಟ್ಟವರು ಯಾರು ಅಂದಳು. ಯಾರೂ ಇಲ್ಲ, ಎಡೆಗಿಟ್ಟಿದ್ದು ಎಂದು ದೇವೀರಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ.

“ಇದು ಎನಲಾಪ್ರಿಲ್ ಅಂತ, ಒಳ್ಳೇ ಮಾತ್ರೇನೇ. ಆದ್ರೆ ಇದನ್ನ ತಗೊಂಡೋರಲ್ಲಿ ಕೆಲವರಿಗೆ ಹೀಗೆ ಒಣಕೆಮ್ಮು ಬರುತ್ತೆ ಅಮ್ಮ. ಹೆಂಗಸರಿಗೆ ವಸಿ ಜಾಸ್ತಿ. ಸಿರಪ್ಪಿಗೆಲ್ಲ ಹೋಗಲ್ಲ, ಮಾತ್ರೆ ಬದಲಾಯಿಸಿದ್ರೆ ಹೋಗುತ್ತೆ.”

ಬೀಪಿ ಮಾತ್ರೆಗಳಲ್ಲಿ ಒಂದೊಂದಕ್ಕೂ ಒಂದೊಂದು ಗುಣವಿದೆ ಎಂದು ಅವಳು ಬಿಡಿಸಿ ಹೇಳಿದಳು. ಕೆಲವಕ್ಕೆ ಪಾದ ಊದುತ್ತದೆ, ಕೆಲವಕ್ಕೆ ಪದೇಪದೇ ಒಂದಕ್ಕೆ ಹೋಗಬೇಕಾಗುತ್ತದೆ, ಕೆಲವಕ್ಕೆ ನಾಡಿ ನಿಧಾನವಾಗುತ್ತದೆ. ಕೂತಿದ್ದವರು ದಡಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುವುದು ಬಹಳ ಮಾತ್ರೆಗಳಲ್ಲಿ ಇದೆ. ತೊಂದರೆಯಾದರೆ ಬಂದು ಹೇಳಬೇಕು, ಬೇರೆಯದು ಕೊಡುತ್ತಾರೆ. ತಾನಾಗಿ ನಿಲ್ಲಿಸಬಾರದು, ನಿಲ್ಲಿಸಿದರೆ ಬೀಪಿ ಏರಿ ಲಕ್ವ ಹೊಡೆಯಬಹುದು. ಎಲ್ಲಕ್ಕಿಂತ ಮುಖ್ಯ, ಒಬ್ಬರ ಮಾತ್ರೆ ಇನ್ನೊಬ್ಬರು ನುಂಗಬಾರದು. ತುಟಿ, ನಾಲಗೆ ಊದಿಕೊಂಡಿತ್ತೇ ಎಂದೂ ಕೇಳಿದಳು. ಹಾಗಾಗಿದ್ದರೆ ಜೀವಕ್ಕೇ ಅಪಾಯ ಅಂದಳು. ರಕ್ತ ಪರೀಕ್ಷೆಗೆ ಕಳಿಸಿ ಬೇರೆ ಮಾತ್ರೆ ಬರೆದಳು. ಕೆಮ್ಮು ಪೂರ್ತಿ ಹೋಗಲು ಕೆಲವು ವಾರ ಹಿಡಿಯುತ್ತದೆ, ಹಳೆಯದನ್ನು ಮನೆಯಲ್ಲಿಟ್ಟುಕೊಳ್ಳಬೇಡಿ ಅಂದಳು.

ದೇವೀರಮ್ಮ ಎದ್ದವಳು ಮತ್ತೆ ಕೂತಳು. “ನಮ್ಮತ್ತೆನೂ ಇದ್ನೇ ನುಂಗ್ತಿದ್ದಿದ್ದು. ಅವ್ರೂ ಇಂಗೇ ಕೆಮ್ತಿದ್ರು.”

“ಹಾಗಾದ್ರೆ ಅದೂ ಮಾತ್ರೆಯಿಂದಲೇ ಇರಬಹುದು. ಅವ್ರನ್ನ ಯಾರಾದ್ರೂ ಡಾಕ್ಟ್ರ ಹತ್ರ ಕರ್ಕೊಂಡ್ ಬಂದು ಕೆಮ್ಮು ಅಂತ ಹೇಳಿದ್ರಾ?”

ದೇವೀರಮ್ಮ ಚೀಟಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು. ಭೂತ ಅಲ್ಲ, ಮಾತ್ರೆ ಎಂದು ತಿಳಿದ ಮೇಲೆ ಮನಸ್ಸು ಹಗುರವಾಗಬೇಕಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಅದು ಇನ್ನೂ ಭಾರವಾಯಿತು. ಭೂತವಾದರೆ ಓಡಿಸಬಹುದಾಗಿತ್ತು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಅವನು ಹೊಸ ಮಾತ್ರೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

“ಆಗ್ಲಿ, ಮಾತ್ರೆ ಕೆಮ್ಮುಸ್ತದೆ. ನಮ್ಮವ್ವನ್ ತರಾನೇ ಕೆಮ್ಮುಸ್ತದಾ?”

“ನಿಮ್ಮವ್ವನ್ನೂವೆ ಅದೇ ಕೆಮ್ಮುಸ್ತಿದ್ದಿದ್ದು.”

ಜವರಯ್ಯ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಯುಗಾದಿಯ ಹತ್ತಿರ ವರ್ಷದ ತಿಥಿ ಬರುತ್ತದೆ, ಅಲ್ಲಿಯವರೆಗೆ ಹಳೆಯದನ್ನೇ ನುಂಗು ಎಂದು ಕೇಳಿದ. ಬೈದು ಕೇಳಿದ್ದರೆ ಅವಳು ಜಗಳಕ್ಕೆ ನಿಲ್ಲುತ್ತಿದ್ದಳು. ಅವನು ಬೇಡಿಕೊಂಡ. ಆಗುವುದಿಲ್ಲ ಎಂದು ಹೇಳಲು ಅವಳಿಗೆ ಕಷ್ಟವಾಯಿತು, ಆದರೂ ಹೇಳಿದಳು. ಉಳಿದ ಹಳೆಯ ಮಾತ್ರೆಗಳನ್ನು ಡಾಕ್ಟರು ಹೇಳಿದ ಹಾಗೆ ಬಿಸಾಡಬೇಕೆಂದು ಕೈಗೆತ್ತಿಕೊಂಡವಳು, ಎಡೆಗೆ ಸೇರಿದ ಪದಾರ್ಥ ಎಂದು ಕೈ ಬಾರದೆ ಅತ್ತೆಯ ಫೋಟೊ ಇದ್ದ ಗೂಡಿನಲ್ಲಿ ಇಟ್ಟಳು.

ಕೆಮ್ಮು ದಿನದಿನಕ್ಕೆ ಇಳಿಯಿತು. ಊಟ ಮುಗಿಯುವವರೆಗೆ ಬಾರದ ದಿನವೂ ಬಂತು. ಮನೆ ಸ್ತಬ್ಧವಾಯಿತು. ಜವರಯ್ಯ ಎದುರಿಗೆ ಬಂದು ಕೂರುವುದನ್ನು ಬಿಟ್ಟ. ಮುದ್ದೆ ಅರ್ಧಕ್ಕೆ ಬಿಡುತ್ತಿದ್ದ, ಜಗಲಿಯಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದ. ಮುನಿಸು ಅಂದುಕೊಂಡು ದೇವೀರಮ್ಮ ಮಾತಾಡಿಸಲು ಹೋಗಲಿಲ್ಲ. ಆದರೆ ಅವಳೂ ಪಾತ್ರೆ ತೊಳೆಯುವ ಸದ್ದು ನಿಲ್ಲಿಸಿ ಪಡಸಾಲೆಯ ಕಡೆ ಕಿವಿ ಕೊಡುತ್ತಿದ್ದಳು.

ಕಬ್ಬು ಕಡಿಯುವ ದಿನ ಪಕ್ಕದ ಗದ್ದೆಯ ಚಲುವರಾಜು ಓಡಿಬಂದ. ಜವರಯ್ಯ ಬಗ್ಗಿ ಕಬ್ಬಿನ ಬುಡಕ್ಕೆ ಕುಡುಗೋಲು ಹಾಕಿ ಮೇಲೆದ್ದವನು ಹಾಗೇ ಕುಸಿದನಂತೆ. ಪುಣ್ಯಕ್ಕೆ ಕುಡುಗೋಲು ದೂರ ಬಿದ್ದಿತ್ತು. ದೇವೀರಮ್ಮ ಹೋಗಿ ನೋಡಿದಾಗ ಅವನನ್ನು ನಾಲೆಯ ಏರಿಯ ನೆರಳಲ್ಲಿ ಮಲಗಿಸಿ ಕಾಲ ಕೆಳಗೆ ಕಬ್ಬಿನ ಕಂತೆ ಕೊಟ್ಟಿದ್ದರು. ಮುಖ ಬೂದಿಯ ಹಾಗಿತ್ತು, ಹಣೆಯಲ್ಲಿ ತಣ್ಣನೆಯ ಬೆವರು. ಅಂಗಿಯ ಗುಂಡಿ ಬಿಚ್ಚಲು ಹೋದಾಗ ಜೇಬಿನಲ್ಲಿ ಮಾತ್ರೆಯ ಹಾಳೆ ಕೈಗೆ ಸಿಕ್ಕಿತು. ಅವಳು ಗೂಡಿನಲ್ಲಿಟ್ಟಿದ್ದ ಹಳೆಯದೇ ಅದು, ಖಾಲಿಯಾಗಿತ್ತು.

ಚಲುವರಾಜು ತನ್ನ ಆಟೊ ತರಲು ಹೋದ. ದೇವೀರಮ್ಮ ಹಾಳೆಯನ್ನು ಗಂಡನ ಮುಖದ ಮುಂದೆ ಹಿಡಿದಳು.

“ಎಷ್ಟ್ ನುಂಗಿದ್ದೀಯೆ?”

“ದಿನಾ ಎಳ್ಡು ನುಂಗ್ತಿದ್ದೆ. ಇವತ್ತು ವಸಿ ಜಾಸ್ತಿ.” ಅವನ ನಾಲಗೆ ಒಣಗಿತ್ತು. “ನಿನ್ ತಾವ್ಕೆ ಬಂದ್ಲಲ್ಲ, ನನ್ ತಾವ್ಕೂ ಬರ್ಲಿ ಅಂತವ. ಒಂದ್ ಕೆಮ್ಲೂ ಬರ್ನಿಲ್ಲ ಕಣಮ್ಮಿ.”

ಬೀಪಿ ಇಲ್ಲದ ಗಟ್ಟಿ ಆಳು ಸತ್ತ ತಾಯಿಯನ್ನು ಮೈಮೇಲೆ ಬರಿಸಿಕೊಳ್ಳಲು ಮಾತ್ರೆ ನುಂಗಿ ನುಂಗಿ ರಕ್ತದ ಒತ್ತಡ ಇಳಿಸಿಕೊಂಡು ನೆಲಕ್ಕೆ ಬಿದ್ದಿದ್ದ. ಹೀಗೇ ಬಿಟ್ಟರೆ ಅಂಗಡಿಗೆ ಹೋಗಿ ಇನ್ನೊಂದು ಹಾಳೆ ತರುತ್ತಾನೆ ಎಂದು ಅವಳಿಗೆ ಗೊತ್ತಾಯಿತು. ಕೇಳುವುದಿದ್ದರೆ ನನ್ನನ್ನು ಕೇಳು, ಅಲ್ಲಿದ್ದವಳು ನಾನು ಅಂದಳು. ಜವರಯ್ಯ ಮೊಣಕೈ ಊರಿ ತಲೆ ಎತ್ತಿದ.

“ನನ್ ಇಚಾರ ಏನಾರ ಅಂದ್ಲಾ?”

“ಇಲ್ಲ. ನಿನ್ ಎಸ್ರೇ ಎತ್ನಿಲ್ಲ. ಕ್ವಾಪಾನೂ ಇರ್ನಿಲ್ಲ, ಏನೂ ಇರ್ನಿಲ್ಲ.” ದೇವೀರಮ್ಮ ಸುಳ್ಳು ಸೇರಿಸಲು ಹೋಗಲಿಲ್ಲ. ಮುಂದಿನದನ್ನು ಇವತ್ತಿನವರೆಗೆ ಯಾರ ಮುಂದೆಯೂ ಆಡಿರಲಿಲ್ಲ. “ನಂಗೆ ಯೋಳಿದ್ಲು. ನಿನ್ನ ಉರ್ಸಕ್ಕೆ ಅಂತ ಕೆಮ್ತಾವ್ನಿ ಅಂತ ತಿಳ್ಕಬ್ಯಾಡ ಕಣಮ್ಮ, ತಡ್ಕಳಕ್ಕಾಯ್ತಾಯಿಲ್ಲ ಅಂದ್ಲು. ನಾನು ಆ ಕಡೀಕ್ ಮಕ ತಿರುಗುಸ್ಕಂಡೆ. ತಿರುಗಿ ನೋಡೋ ವತ್ಗೆ ಓಗ್ಬುಟ್ಟಿದ್ಲು.”

ನಾಲೆಯ ನೀರು ಕಬ್ಬಿನ ಸೋಗೆಯನ್ನು ಎಳೆದುಕೊಂಡು ಹೋಗುತ್ತಿತ್ತು. ಜವರಯ್ಯ ಕಣ್ಣು ಮುಚ್ಚಿಕೊಂಡ. ಅವನ ಮುಖದ ಬಿಗಿ ಸಡಿಲವಾಯಿತು, ಅಷ್ಟು ತಿಂಗಳಿಂದ ಹೊತ್ತಿದ್ದನ್ನು ಯಾರೋ ಇಳಿಸಿಕೊಂಡ ಹಾಗೆ.

“ಅದ್ಕೇಯ ನಿನ್ ತಾವ್ಕೆ ಬಂದವ್ಳೆ,” ಅಂದ.

ಅದು ಮಾತ್ರೆ, ಎನಲಾಪ್ರಿಲ್ಲು, ಕೆಲವರಿಗೆ ಬರುತ್ತದೆ ಕೆಲವರಿಗೆ ಬರುವುದಿಲ್ಲ ಎಂದು ಹೇಳಲು ದೇವೀರಮ್ಮನಿಗೆ ಎಲ್ಲ ಗೊತ್ತಿತ್ತು. ಅದನ್ನು ಬಿಟ್ಟು ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು.

ಆಟೊದಲ್ಲಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಎಷ್ಟು ನುಂಗಿದೆ ಎಂಬುದನ್ನು ಡಾಕ್ಟರ ಮುಂದೆ ಮುಚ್ಚಿಡಬಾರದು ಎಂದು ಎರಡು ಸಲ ಹೇಳಿದಳು, ಅವನು ತಲೆಯಾಡಿಸಿದ. ಮದ್ದೂರಿನ ರಸ್ತೆಗೆ ತಿರುಗುವಾಗ, ಮೂರು ದಿನದಿಂದ ಕಾಣದಿದ್ದ ಕೆರೆತ ಗಂಟಲ ಬುಡದಲ್ಲಿ ಮೆಲ್ಲಗೆ ಎದ್ದಿತು. ಅವಳು ಸೆರಗಿಗೆ ಕೈ ಹಾಕಲಿಲ್ಲ. ಕೆಮ್ಮು ತನ್ನ ಪಾಡಿಗೆ ಬಂತು, ಸಣ್ಣವು, ಆಮೇಲೆ ಉದ್ದನೆಯದು. ಮುಗಿಯುವವರೆಗೂ ಬಿಟ್ಟಳು.

“ಇಲ್ಲ ಬುಡತ್ತೆ, ಅಂಗೆ ತಿಳ್ಕಳಕಿಲ್ಲ,” ಎಂದಳು, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ಸದ್ದಿನಲ್ಲಿ.

ಚಲುವರಾಜು ಕನ್ನಡಿಯಲ್ಲಿ ಹಿಂದಿನ ಸೀಟನ್ನು ಒಂದು ಸಲ ನೋಡಿ, ಗಾಡಿಯನ್ನು ಜೋರು ಮಾಡಿದ.